ಹಳೆಯ ಮೈ, ಹೊಸ ಗುಂಡಿಗೆ

ಐವತ್ತು ವರ್ಷ ಮೀರಿದ ಮೋಟಾರುಕಾರನ್ನು ಬೀದಿಯಲ್ಲಿ ಕಂಡರೆ ನಮಗೆ ಹುಟ್ಟುವುದು ಗೌರವ ಬೆರೆತ ಅನುಕಂಪ. ವೃದ್ಧರ ಜೊತೆಯಲ್ಲಿ ನಡೆಯುವಾಗ ಹೆಜ್ಜೆ ತಗ್ಗಿಸುವಂತೆ, ಹಿಂದೆ ಬರುವ ವಾಹನಗಳೂ ವೇಗ ತಗ್ಗಿಸುತ್ತವೆ. ಆದರೆ ಅಮೆರಿಕದ ಹೆದ್ದಾರಿಗಳಲ್ಲಿ ಈ ಮರ್ಯಾದೆ ಒಮ್ಮೊಮ್ಮೆ ವ್ಯರ್ಥವಾಗುವುದುಂಟು. ನೋಡಿದೊಡನೆ 1969ರ ಷೆವರ್ಲೆ ಕಮಾರೊ ಎಂದು ಗುರುತಿಸಬಹುದಾದ ಕಾರು, ಹೊಚ್ಚ ಹೊಸ ವಾಹನಗಳನ್ನು ಹಿಂದಿಕ್ಕಿ, ತಿರುವಿನಲ್ಲಿಯೂ ಅಳುಕದೆ ಸಾಗಿ ಕಣ್ಮರೆಯಾಗಬಹುದು! ಮೈ ಹಳೆಯದು, ಗುಂಡಿಗೆ ಹೊಸದು. ಇಂತಹ ಕಾರುಗಳಿಗೆ ಅಲ್ಲಿ ‘ಪ್ರೊ-ಟೂರಿಂಗ್’ ಎಂದು ಹೆಸರು. ‘ರೆಸ್ಟೊಮಾಡ್’ ಎಂಬುದು ಇನ್ನೂ ವ್ಯಾಪಕವಾದ ಮಾತು.

ಬತ್ತಿದ ಕೆರೆಯಂಗಳದಿಂದ

ಕೊಂಡ ಕಾರನ್ನು ಕೊಂಡಂತೆಯೇ ಓಡಿಸಲೊಪ್ಪದ ಈ ಛಲ ಅಮೆರಿಕನರಿಗೆ ಹೊಸದಲ್ಲ. 1932ರಲ್ಲಿ ಫೋರ್ಡ್ ಸಂಸ್ಥೆಯು 65 ಅಶ್ವಶಕ್ತಿಯ ವಿ-8 ಎಂಜಿನ್ನನ್ನು ಸಾಮಾನ್ಯರ ಕೈಗೆಟುಕುವ ಕಾರಿನಲ್ಲಿ ಒದಗಿಸಿತು. ದಕ್ಷಿಣ ಕ್ಯಾಲಿಫೋರ್ನಿಯದ ತರುಣರು ಅಂತಹ ಕಾರುಗಳ ಮಡ್‌ಗಾರ್ಡುಗಳನ್ನು ಕಳಚಿ, ಎಂಜಿನ್ನಿನ ಬಲ ಹೆಚ್ಚಿಸಿ, ಬತ್ತಿದ ಕೆರೆಗಳ ವಿಶಾಲ ಅಂಗಳಗಳಲ್ಲಿ ವೇಗದ ಸ್ಪರ್ಧೆಗಿಳಿದರು. ‘ಹಾಟ್ ರಾಡ್’ ಸಂಪ್ರದಾಯ ಬೆಳೆದುದು ಹೀಗೆ. 1960ರ ದಶಕದಲ್ಲಿ ಕಂಪೆನಿಗಳೇ ಸಾಧಾರಣ ಗಾತ್ರದ ಕಾರುಗಳಲ್ಲಿ ದೈತ್ಯ ಎಂಜಿನ್ನುಗಳನ್ನು ಕೂರಿಸಿ ಮಾರತೊಡಗಿದವು. ನೇರ ರಸ್ತೆಯಲ್ಲಿ ಅವು ಹುಲಿಗಳು. ತಿರುಗುವುದರಲ್ಲಿಯೂ ನಿಲ್ಲುವುದರಲ್ಲಿಯೂ ಅಷ್ಟಕ್ಕಷ್ಟೆ.

ಈ ಕೊರತೆಯನ್ನು ನೀಗಿಸುವುದೇ 1990ರ ದಶಕದಲ್ಲಿ ಬಲಗೊಂಡ ಹೊಸ ಪಂಥದ ಗುರಿಯಾಯಿತು. ಹಳೆಯ ಕಾರು ಓಡಿದರೆ ಸಾಲದು. ತಿರುಗಬೇಕು, ನಿಲ್ಲಬೇಕು, ನೂರಾರು ಮೈಲಿ ದಣಿಯದೆ ಸಾಗಬೇಕು. ಜನರಲ್ ಮೋಟರ್ಸ್‌ನ ಎಂಜಿನಿಯರಾಗಿದ್ದ ಮಾರ್ಕ್ ಸ್ಟೀಲೋ ಅವರು ಕಟ್ಟಿದ ಕಮಾರೊಗಳು ಈ ಪಂಥಕ್ಕೆ ಮೇಲ್ಪಂಕ್ತಿಯಾದವು.

ಮೊದಲು ನಿಲ್ಲುವ ವಿದ್ಯೆ

ದೊಡ್ಡ ಎಂಜಿನ್ನನ್ನು ತಂದು ಕೂರಿಸಿದರೆ ಕೆಲಸ ಮುಗಿಯಿತೆಂದು ಓದುಗರು ಭಾವಿಸಬಾರದು. ಅಪಾಯ ಮೊದಲಾಗುವುದೇ ಅಲ್ಲಿಂದ. ವೇಗ ಎರಡರಷ್ಟಾದರೆ ಕಾರಿನ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ನಿಲ್ಲಿಸುವಾಗ ಆ ಶಕ್ತಿಯನ್ನೆಲ್ಲ ಬ್ರೇಕುಗಳು ಶಾಖವಾಗಿ ಕರಗಿಸಬೇಕು. ಹಳೆಯ ಡ್ರಮ್ ಬ್ರೇಕಿನಲ್ಲಿ ಶಾಖ ಒಳಗೇ ಉಳಿಯುತ್ತದೆ. ಕಾದ ಡ್ರಮ್ಮು ಹಿಗ್ಗಿ ಬ್ರೇಕಿನ ಪಟ್ಟಿಯಿಂದ ದೂರ ಸರಿಯುತ್ತದೆ. ಕಾಲು ಎಷ್ಟು ಒತ್ತಿದರೂ ಹಿಡಿತ ಸಾಲದಾಗುತ್ತದೆ. ಆದ್ದರಿಂದಲೇ ನುರಿತ ಕುಶಲಿಗಳು ನಾಲ್ಕು ಚಕ್ರಗಳಿಗೂ ಗಾಳಿಗೆ ತೆರೆದ ಡಿಸ್ಕ್ ಬ್ರೇಕುಗಳನ್ನು ಜೋಡಿಸದೆ ಎಂಜಿನ್ನಿನ ಮಾತನ್ನೆತ್ತುವುದಿಲ್ಲ.

ಬಳಿಕ ಅಸ್ಥಿಪಂಜರದ ಸರದಿ. ಆ ಕಾಲದ ಕಮಾರೊದಲ್ಲಿ ಎಂಜಿನ್ನನ್ನು ಹೊರುವ ಮುಂದಿನ ಚೌಕಟ್ಟು ಉಳಿದ ಮೈಗೆ ಬೋಲ್ಟುಗಳಿಂದ ಬಿಗಿಯಲ್ಪಟ್ಟಿದೆ. ಅಗಲವಾದ ಹೊಸ ಟೈರುಗಳು ರಸ್ತೆಯನ್ನು ಬಲವಾಗಿ ಹಿಡಿದಷ್ಟೂ ಈ ಮೈ ತಿರುಚಿಕೊಳ್ಳುತ್ತದೆ. ಅದನ್ನು ತಡೆಯಲು ಮುಂದಿನ ಚೌಕಟ್ಟಿನಿಂದ ಹಿಂದಿನವರೆಗೆ ಉಕ್ಕಿನ ತೊಲೆಗಳನ್ನು ಬೆಸೆಯುತ್ತಾರೆ. ಹಿಂದಿನ ಪಟ್ಟೆ ಸ್ಪ್ರಿಂಗುಗಳ ಬದಲು ಸುರುಳಿ ಸ್ಪ್ರಿಂಗುಗಳೂ ನಿಖರವಾದ ಸ್ಟಿಯರಿಂಗೂ ಬರುತ್ತವೆ. ಎಂಜಿನ್ನಿನ ಪ್ರವೇಶ ಅನಂತರ. 1997ರ ಕಾರ್ವೆಟ್ ಕಾರಿನೊಡನೆ ಬಂದ 5.7 ಲೀಟರಿನ ‘ಎಲ್‌ಎಸ್-1’ ಈ ಕೆಲಸಕ್ಕೆ ವರವಾಯಿತು: ಅಲ್ಯೂಮಿನಿಯಂ ಮೈ, 345 ಅಶ್ವಶಕ್ತಿ, ವಿದ್ಯುನ್ಮಾನ ನಿಯಂತ್ರಣದ ಇಂಧನ ಪೂರೈಕೆ.

ಇದು ಯಾವ ಕಾರು?

ಇಷ್ಟೆಲ್ಲ ಬದಲಾದ ಮೇಲೆ ಅದನ್ನು 1969ರ ಕಾರೆಂದು ಕರೆಯಬಹುದೆ? ಪ್ರಶ್ನೆ ತಾತ್ತ್ವಿಕವೆಂದು ತೋರಿದರೂ ಉತ್ತರ ಹೇಳಬೇಕಾದುದು ಕಾಯಿದೆ. ಕ್ಯಾಲಿಫೋರ್ನಿಯದಲ್ಲಿ 1975ರ ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲು ಕಾರುಗಳಿಗೆ ನಿಯತಕಾಲಿಕ ಹೊಗೆ ಪರೀಕ್ಷೆಯಿಂದ ವಿನಾಯಿತಿಯುಂಟು. ಆದರೆ ಇಂದು ಹಳೆಯ ಕಮಾರೊದ ಇಡೀ ಮೈಯನ್ನೇ ಹೊಸ ತಗಡಿನಿಂದ ತಯಾರಿಸಿ ಮಾರುತ್ತಾರೆ! ಒಂದು ಚೂರೂ ಹಳೆಯ ಲೋಹವಿಲ್ಲದ ಇಂತಹ ಕಾರಿಗೆ ಹಳೆಯ ಕಾರಿನ ಗುರುತು ಸಲ್ಲದು. ‘ವಿಶೇಷವಾಗಿ ನಿರ್ಮಿಸಿದ ವಾಹನ’ಗಳಿಗೆಂದೇ ಆ ರಾಜ್ಯದಲ್ಲಿ ಬೇರೆ ನಿಯಮವಿದ್ದು, ಹೊಗೆಯ ವಿಷಯದಲ್ಲಿ ವರ್ಷಕ್ಕೆ 500 ವಾಹನಗಳಿಗೆ ಮಾತ್ರ ರಿಯಾಯಿತಿ ದೊರೆಯುತ್ತದೆ.

ನಮ್ಮ ದೇಶದ ದಾರಿ ಬೇರೆ. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ತೀರ್ಪಿತ್ತಿತು. 2021ರ ನಿಯಮಗಳಂತೆ ‘ವಿಂಟೇಜ್’ ಮನ್ನಣೆ ಪಡೆಯುವ ಕಾರು 50 ವರ್ಷ ಮೀರಿರಬೇಕು. ಅದರ ಚಾಸಿಯಲ್ಲಾಗಲಿ, ಮೈಯಲ್ಲಾಗಲಿ, ಎಂಜಿನ್ನಿನಲ್ಲಾಗಲಿ ಗಣನೀಯ ಮಾರ್ಪಾಡು ಆಗಿರಕೂಡದು.

ಎರಡು ನಿಲುವುಗಳಿಗೂ ನ್ಯಾಯವುಂಟು. ಒಮ್ಮೆ ಕತ್ತರಿಸಿ ಬೆಸೆದ ಮೂಲ ಕಾರನ್ನು ಮತ್ತೆ ಮೊದಲಿನಂತೆ ಮಾಡುವುದು ಬಲು ದುಸ್ಸಾಧ್ಯ. ಕಾರ್ಖಾನೆಯ ಎಂಜಿನ್ನನ್ನೇ ಉಳಿಸಿಕೊಂಡ ಕಾರುಗಳು ದಿನೇ ದಿನೇ ವಿರಳವಾಗುತ್ತಿವೆ. ಅತ್ತ, ಗುಜರಿಯ ದಾರಿ ಹಿಡಿದ ಕಾರು ಹೊಸ ಬ್ರೇಕು, ಹೊಸ ಬಲ ಪಡೆದು ಮನೆಮಂದಿಯನ್ನು ಸುರಕ್ಷಿತವಾಗಿ ಹೊತ್ತೊಯ್ಯುವುದಾದರೆ ಅದನ್ನು ಅಪಚಾರವೆನ್ನಲಾಗದು. ಗರಗಸ ಹಿಡಿಯುವ ಮುನ್ನ ಕುಶಲಿಯು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನನ್ನೆದುರಿಗಿರುವುದು ಕಾಪಾಡಬೇಕಾದ ಸಾಕ್ಷ್ಯವೋ, ಬದುಕಿಸಬೇಕಾದ ರೋಗಿಯೋ? ಪೂರ್ಣವಾದ ಮೂಲ ಕಾರನ್ನು ಮುಟ್ಟದೆ ಬಿಟ್ಟು, ಎಂಜಿನ್ನು ಕಳೆದುಕೊಂಡು ತುಕ್ಕು ಹಿಡಿದುದನ್ನು ಆರಿಸಿಕೊಳ್ಳುವಾತನೇ ನಿಜವಾದ ಕುಶಲಿ.