ಕಾವಿಗೆ ಕೂತ ಹೇಂಟೆ

ಹೇಂಟೆ ಬುಟ್ಟಿ ಬಿಟ್ಟು ಏಳ್ತಾನೇ ಇಲ್ವಾ? ಕೈ ಹಾಕಿದ್ರೆ ಗರಿ ಕೆದರಿ ಕುಕ್ಕೋಕೆ ಬರುತ್ತಾ? ಹೊಟ್ಟೆ ಕೆಳಗೆ ಮುಟ್ಟಿ ನೋಡಿ: ಗರಿ ಉದುರಿ ಚರ್ಮ ಬಿಸಿಯಾಗಿರುತ್ತೆ. ರೋಗ ಅಲ್ಲ, ಕಾವು. ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರಿದೆ, ಮೊಟ್ಟೆ ನಿಂತಿದೆ.

ಮರಿ ಬೇಕಾ? ಹುಂಜ ಇರೋ ಗುಂಪಿನ 10-12 ಹೊಸ ಮೊಟ್ಟೆ ಕತ್ತಲಾದ ಮೇಲೆ ಇಡಿ. 21ನೇ ದಿನಕ್ಕೆ ಮರಿ.

ಬೇಡವಾ? ತಣ್ಣೀರಲ್ಲಿ ಮುಳುಗಿಸೋದು, ಮೂಗಿಗೆ ಗರಿ ಚುಚ್ಚೋದು ದಯವಿಟ್ಟು ಬೇಡ, ಅದು ಬರೀ ಹಿಂಸೆ. ತಳಕ್ಕೆ ತಂತಿ ಜಾಲರಿ ಇರೋ ಪಂಜರವನ್ನ ನೆಲದಿಂದ ಎತ್ತರಿಸಿ, ಹುಲ್ಲು ಹಾಸದೆ, ನೆರಳಲ್ಲಿಡಿ. ಕೆಳಗಿಂದ ಗಾಳಿ ಆಡಿ ಹೊಟ್ಟೆ ತಣಿಯುತ್ತೆ. ಕಾಳು, ನೀರು ತಪ್ಪಿಸಬೇಡಿ. ಕಾವಿನಲ್ಲಿ ಪಾಪ, ಮೊದಲೇ ಸೊರಗಿರುತ್ತೆ. ಮೂರ್ನಾಲ್ಕು ದಿನ ಕಳೆದು ಬಿಟ್ಟು ನೋಡಿ. ಮತ್ತೆ ಬುಟ್ಟಿಗೇ ಓಡಿದ್ರೆ ಇನ್ನೆರಡು ದಿನ ಪಂಜರದಲ್ಲೇ ಇರಲಿ.