ಹೆಸರಿನ ಬಲವೋ, ಕಾಕತಾಳೀಯವೋ?

ಕಾಗೆ ಬಂದು ತಾಳೆಯ ಮರದ ಮೇಲೆ ಕುಳಿತುದಕ್ಕೂ ಅದೇ ಗಳಿಗೆಯಲ್ಲಿ ಹಣ್ಣು ಕಳಚಿ ಬಿದ್ದುದಕ್ಕೂ ಸಂಬಂಧ ಕಲ್ಪಿಸುವುದು ಮನುಷ್ಯನ ಹಳೆಯ ಚಾಳಿ. ಚುನಾವಣೆ ಬಂದಿತೆಂದರೆ ಈ ಚಾಳಿಗೆ ಸುಗ್ಗಿ. ಅಭ್ಯರ್ಥಿಯ ಹೆಸರಿನ ಅಕ್ಷರಗಳನ್ನು ಎಣಿಸಿ, ಸೋಲು ಗೆಲುವುಗಳನ್ನು ಮುಂದಾಗಿ ಸಾರುವವರು ಊರಿಗೊಬ್ಬರಾದರೂ ಸಿಕ್ಕುತ್ತಾರೆ. ಅವರ ಮಾತನ್ನು ನಕ್ಕು ತಳ್ಳಿಬಿಡುವುದು ಸುಲಭ, ಪರೀಕ್ಷಿಸುವುದು ಹೇಗೆ? ಕೊಪ್ಪಳದ ಲೋಕಸಭಾ ಕ್ಷೇತ್ರವನ್ನೇ ನಮ್ಮ ಪ್ರಯೋಗಶಾಲೆಯಾಗಿ ಆರಿಸಿಕೊಳ್ಳೋಣ.

1957ರಿಂದ 1977ರವರೆಗೆ ಅಲ್ಲಿ ಐದು ಸಾರ್ವತ್ರಿಕ ಚುನಾವಣೆಗಳು ನಡೆದವು. ಗೆದ್ದವರು ಕ್ರಮವಾಗಿ ಅಗಡಿ ಸಂಗಣ್ಣ, ಶಿವಮೂರ್ತಿಸ್ವಾಮಿ ಅಳವಂಡಿ, ಮರಳಿ ಸಂಗಣ್ಣ, ಆ ಬಳಿಕ ಎರಡು ಸಲ ಸಿದ್ಧರಾಮೇಶ್ವರಸ್ವಾಮಿ. ಇಂಗ್ಲಿಷಿನಲ್ಲಿ ಬರೆದರೆ ಐದು ಸಲವೂ ಗೆದ್ದ ಹೆಸರಿನ ಮೊದಲಕ್ಷರ 'ಎಸ್'. ಎಂಥ ಸೋಜಿಗ! ಆದರೆ ಕನ್ನಡದಲ್ಲಿ ಬರೆದೊಡನೆ ಶಿವಮೂರ್ತಿಯವರ 'ಶ'ಕಾರವು ಉಳಿದವರ 'ಸ'ಕಾರದಿಂದ ಬೇರೆಯಾಗಿ ನಿಂತು, ಸರಪಳಿ ನಡುವೆಯೇ ಕಡಿದುಹೋಗುತ್ತದೆ. ಅಕ್ಷರಕ್ಕೆ ಮತದಾರರನ್ನು ಒಲಿಸಿಕೊಳ್ಳುವ ಶಕ್ತಿ ಇದ್ದಿದ್ದರೆ, ಅದು ಅವರಾಡುವ ಭಾಷೆಯ ಅಕ್ಷರಕ್ಕಲ್ಲವೆ ಇರಬೇಕಾದುದು? ಮತ್ತೊಂದು ಸಂಗತಿಯೂ ಉಂಟು. ಗೆಲುವುಗಳು ಐದಾದರೂ ಗೆದ್ದವರು ಮೂವರೇ. ಒಬ್ಬರೇ ಮರಳಿ ಗೆದ್ದಾಗ ಅವರ ಹೆಸರೂ ಜತೆಯಲ್ಲಿಯೇ ಬರಬೇಕಷ್ಟೆ. ಅದನ್ನು ಹೊಸ ಸಾಕ್ಷ್ಯವೆಂದು ಎಣಿಸುವಂತಿಲ್ಲ.

'ಬಸವರಾಜ' ಎಂಬ ಹೆಸರಿನ ಕಥೆ ಇನ್ನೂ ಸ್ವಾರಸ್ಯವಾದುದು. 1989 ಮತ್ತು 1991ರಲ್ಲಿ ಬಸವರಾಜ ಪಾಟೀಲ ಅನ್ವರಿಯವರೂ 1996ರಲ್ಲಿ ಬಸವರಾಜ ರಾಯರಡ್ಡಿಯವರೂ ಗೆದ್ದರು. 2009ರಲ್ಲಿ ಅದೇ ರಾಯರಡ್ಡಿಯವರು, 2014ರಲ್ಲಿ ಬಸವರಾಜ ಹಿಟ್ನಾಳರು, 2024ರಲ್ಲಿ ಡಾಕ್ಟರ್ ಬಸವರಾಜ ಕ್ಯಾವಟರ್ ಅವರು ಸೋತರು. ಮೂರು ಗೆಲುವು, ಆಮೇಲೆ ಮೂರು ಸೋಲು! ಹೆಸರಿನ ಬಲವು 20ನೆಯ ಶತಮಾನದೊಡನೆಯೇ ತೀರಿತೆಂದು ಹೇಳಲು ಯಾರಿಗಾದರೂ ನಾಲಗೆ ತುರಿಸೀತು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಮೂರು ಬಿಳಿಯ ಗೋಲಿಗಳನ್ನೂ ಮೂರು ಕರಿಯ ಗೋಲಿಗಳನ್ನೂ ಸಾಲಾಗಿ ಜೋಡಿಸಬಹುದಾದ ಬಗೆಗಳು ಒಟ್ಟು 20. ಬಿಳಿಯವೆಲ್ಲ ಮೊದಲು, ಕರಿಯವೆಲ್ಲ ಆಮೇಲೆ ಬರುವುದು ಅವುಗಳಲ್ಲಿ ಒಂದೇ ಬಗೆ. ಇಪ್ಪತ್ತರಲ್ಲಿ ಒಂದೆಂದರೆ ಅಪರೂಪವೇ ಸರಿ. ಆದರೆ ಕರಿಯವೇ ಮೊದಲು ಬಂದಿದ್ದರೂ ನಾವು ಬೆರಗಾಗುತ್ತಿದ್ದೆವು. ಒಂದು ಬಿಳಿ ಒಂದು ಕರಿ, ಅಥವಾ ಒಂದು ಕರಿ ಒಂದು ಬಿಳಿ ಎಂದು ಬಂದಿದ್ದರೂ ಬೆರಗಾಗುತ್ತಿದ್ದೆವು. ಈ ನಾಲ್ಕನ್ನೂ ಕೂಡಿಸಿದರೆ ಸೋಜಿಗದ ಸಂಭವವು ಐದರಲ್ಲಿ ಒಂದಕ್ಕೆ ಏರುತ್ತದೆ. ಮೇಲಾಗಿ ಆ ಆರು ಚುನಾವಣೆಗಳನ್ನು ಹೆಕ್ಕಿದವರು ನಾವೇ. 2024ರಲ್ಲಿ ಗೆದ್ದ ರಾಜಶೇಖರ ಹಿಟ್ನಾಳರ ತಂದೆಯ ಹೆಸರು ಬಸವರಾಜ. ತಂದೆಯ ಹೆಸರನ್ನೂ ಲೆಕ್ಕಕ್ಕೆ ಹಿಡಿದರೆ ಕೊನೆಯ ಸೋಲು ಗೆಲುವಾಗಿಬಿಡುತ್ತದೆ! ಬಸವಣ್ಣನವರನ್ನು ಮನೆಮನೆಯಲ್ಲಿ ಪೂಜಿಸುವ ಈ ನಾಡಿನ ಯಾವ ಶಾಲೆಯ ಹಾಜರಿ ಪುಸ್ತಕವನ್ನು ತೆರೆದರೂ ಬಸವರಾಜರು ಕಾಣಸಿಗುತ್ತಾರೆ. ಹೆಚ್ಚು ಮಂದಿಗಿರುವ ಹೆಸರು ಗೆದ್ದವರ ಪಟ್ಟಿಯಲ್ಲಿಯೂ ಸೋತವರ ಪಟ್ಟಿಯಲ್ಲಿಯೂ ಹೆಚ್ಚಾಗಿಯೇ ಇರುವುದು ಸಹಜ. ಶಕುನ ಹೇಳುವವರು ಎರಡನೆಯ ಪಟ್ಟಿಯನ್ನು ನೋಡುವುದೇ ಇಲ್ಲ.

ನಿಯಮವನ್ನು ಮೊದಲೇ ಬರೆದಿಟ್ಟು ಫಲಿತಾಂಶಕ್ಕಾಗಿ ಕಾಯುವುದೇ ನಿಜವಾದ ಪರೀಕ್ಷೆ. 'ಎರಡು ಹೆಸರುಗಳು ಸರದಿಯಂತೆ ಗೆಲ್ಲುತ್ತವೆ' ಎಂಬ ನಿಯಮವನ್ನು ವಿಧಾನಸಭೆಗೆ ಅನ್ವಯಿಸಿ ನೋಡಿರಿ. ಗಂಗಾವತಿಯಲ್ಲಿ 2004ರಲ್ಲಿ ಇಕ್ಬಾಲ್ ಅನ್ಸಾರಿ, 2008ರಲ್ಲಿ ಪರಣ್ಣ ಮುನವಳ್ಳಿ, 2013ರಲ್ಲಿ ಮತ್ತೆ ಅನ್ಸಾರಿ, 2018ರಲ್ಲಿ ಮತ್ತೆ ಪರಣ್ಣ. ಕುಷ್ಟಗಿಯಲ್ಲಿ 2008ರಲ್ಲಿ ಅಮರೇಗೌಡ ಬಯ್ಯಾಪುರ, 2013ರಲ್ಲಿ ದೊಡ್ಡನಗೌಡ ಪಾಟೀಲ, 2018ರಲ್ಲಿ ಮತ್ತೆ ಅಮರೇಗೌಡರು. ಯಲಬುರ್ಗಾದಲ್ಲಿ 2013ರಲ್ಲಿ ಬಸವರಾಜ ರಾಯರಡ್ಡಿ, 2018ರಲ್ಲಿ ಹಾಲಪ್ಪ ಆಚಾರ್. 2023ರಲ್ಲಿ ಏನಾಯಿತು? ಕುಷ್ಟಗಿಯಲ್ಲಿ ದೊಡ್ಡನಗೌಡರೂ ಯಲಬುರ್ಗಾದಲ್ಲಿ ರಾಯರಡ್ಡಿಯವರೂ ಗೆದ್ದು ನಿಯಮವು ನಿಂತಿತು. ಅತಿ ದೀರ್ಘವಾದ ಸರದಿ ಕಂಡಿದ್ದ ಗಂಗಾವತಿಯಲ್ಲಿಯೇ ಅದು ಮುರಿದು ಬಿದ್ದಿತು. ಅಲ್ಲಿ ಆರಿಸಿಬಂದವರು ಜನಾರ್ದನ ರೆಡ್ಡಿ. ನಿಯಮ ನಿಂತ ಎಡೆಗಳಲ್ಲಿಯೂ ಹಾಲಿ ಶಾಸಕರ ಮೇಲೆ ಮತದಾರರಿಗೆ ಮೂಡುವ ಬೇಸರವು ಹೆಸರಿಗಿಂತ ನಂಬತಕ್ಕ ಕಾರಣವೆಂದು ನಮಗೆ ತೋರುತ್ತದೆ.

ಹಾಗೆಂದು ಹೆಸರಿಗೆ ಚುನಾವಣೆಯಲ್ಲಿ ಬೆಲೆಯೇ ಇಲ್ಲವೆಂದು ತಿಳಿಯಬಾರದು. ಕೇರಳದ ಆಲಪ್ಪುಳದಲ್ಲಿ 2004ರಲ್ಲಿ ವಿ. ಎಂ. ಸುಧೀರನ್ ಅವರು 1,009 ಮತಗಳ ಅಂತರದಿಂದ ಸೋತಾಗ, ವಿ. ಎಸ್. ಸುಧೀರನ್ ಎಂಬ ಪಕ್ಷೇತರರಿಗೆ ಎಂಟು ಸಾವಿರಕ್ಕೂ ಮಿಕ್ಕಿ ಮತಗಳು ಬಿದ್ದಿದ್ದವು. ನಮ್ಮ ಮಂಡ್ಯದಲ್ಲಿ 2019ರಲ್ಲಿ ಸುಮಲತಾ ಅಂಬರೀಶರಲ್ಲದೆ ಇನ್ನೂ ಮೂವರು ಸುಮಲತೆಯರು ಕಣದಲ್ಲಿದ್ದರು. ಆದರೂ ಅಂಬರೀಶರ ಪತ್ನಿಯೇ ಗೆದ್ದರು. ಇಲ್ಲಿ ಕೆಲಸ ಮಾಡುವುದು ಅಕ್ಷರದ ಮಹಿಮೆಯಲ್ಲ, ಗುಂಡಿಯ ಮುಂದೆ ನಿಂತ ಮತದಾರರ ಕಣ್ಣಿಗೆ ಆಗುವ ಗಲಿಬಿಲಿ. ಈ ಗಲಿಬಿಲಿಗೆ ಚುನಾವಣಾ ಆಯೋಗವು ಮದ್ದನ್ನೂ ಕಂಡುಹಿಡಿಯಿತು: 2015ರಿಂದ ಮತಯಂತ್ರದ ಹಾಳೆಯ ಮೇಲೆ ಹೆಸರಿನ ಮಗ್ಗುಲಲ್ಲಿ ಅಭ್ಯರ್ಥಿಯ ಭಾವಚಿತ್ರವೂ ಅಚ್ಚಾಗುತ್ತಿದೆ.