ಸಾಕಿದ ಜೇಡ ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳುವ ಬಗೆ

ಕನ್ನಡದಲ್ಲಿ ಜೇಡ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಒಂದು, ನೀವೆಲ್ಲರೂ ಬಲ್ಲ ಎಂಟು ಕಾಲಿನ ಜೀವಿ. ಇನ್ನೊಂದು, ಬಟ್ಟೆ ನೇಯುವವನು. ವಚನಕಾರರಲ್ಲಿ ಹಿರಿಯನಾದ ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಈ ಎರಡನೆಯ ಅರ್ಥವೇ. ಮುಂಬಯಿಯ ಮರಾಠಿಗರಾದರೋ ಇದೇ ಜೀವಿಯನ್ನು ‘ಕೋಳಿ’ ಎನ್ನುತ್ತಾರೆ. ಬಲೆ ಬೀಸಿ ಮೀನು ಹಿಡಿಯುವ, ಈ ನಗರದ ಮೂಲ ನಿವಾಸಿಗಳಾದ ಕೋಳಿ ಜನರಿಗೂ ಅದೇ ಹೆಸರು. ವರಳಿ, ಶೀವ ಮೊದಲಾದೆಡೆಗಳಲ್ಲಿ ಅವರ ಕೋಳಿವಾಡಗಳಿವೆ. ನಾವು ಈ ಪ್ರಾಣಿಯ ನೇಯ್ಗೆಯನ್ನು ಕಂಡೆವು, ಅವರು ಅದರ ಬೇಟೆಯನ್ನು ಕಂಡರು. ಊರಿನಿಂದ ಹೊಸದಾಗಿ ಬಂದ ಕನ್ನಡದ ಮಗುವಿಗೆ ನೆರೆಮನೆಯವರು “ಗೋಡೆಯ ಮೇಲೆ ಕೋಳಿ ಇದೆ” ಎಂದರೆ, ಅದು ಮೊಟ್ಟೆಯಿಡುವ ಕೋಳಿಯನ್ನು ಹುಡುಕಿದರೆ ಆಶ್ಚರ್ಯವಿಲ್ಲ.

ನಮ್ಮ ಶಾಲೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಈಚೆಗೆ ಜೇಡವನ್ನು ಡಬ್ಬಿಯಲ್ಲಿಟ್ಟು ಸಾಕುವ ಹವ್ಯಾಸ ಹತ್ತಿದೆ. ಇದನ್ನು ನಾವು ನಿಷೇಧಿಸಲು ಬಯಸುವುದಿಲ್ಲ. ನಾಯಿ ಬೆಕ್ಕುಗಳಿಗೆ ಎಡೆಯಿಲ್ಲದ ಒಂದು ಖೋಲಿಯ ಮನೆಯಲ್ಲಿ ಜೇಡಕ್ಕೆ ಎಡೆಯುಂಟು. ಅದು ಬೊಗಳದು, ಬಾಡಿಗೆ ಕೇಳದು. ಆದರೆ ಅದನ್ನು ಡಬ್ಬಿಯೊಳಗೆ ಉಳಿಸಿಕೊಳ್ಳುವುದು ಹೊರಗಿನಿಂದ ತೋರುವಷ್ಟು ಸುಲಭವಲ್ಲ. ಅದು ಹೇಗೆ ತಪ್ಪಿಸಿಕೊಳ್ಳುತ್ತದೆ ಎಂಬುದನ್ನು ಅರಿಯದೆ ಮುಚ್ಚಳ ಹಾಕಿದರೆ ಆ ಮುಚ್ಚಳದಿಂದ ಪ್ರಯೋಜನವಿಲ್ಲ.

ಮೊದಲು ಅದರ ಪಾದವನ್ನು ನೋಡೋಣ. ಗೋಡೆಯ ಮೇಲೆ ಕುಪ್ಪಳಿಸಿ ನೊಣ ಹಿಡಿಯುವ, ಮುಂದುಗಡೆ ಎರಡು ದೊಡ್ಡ ಕಣ್ಣುಳ್ಳ ಪುಟ್ಟ ಜೇಡವನ್ನು ನೀವು ಕಂಡಿರುತ್ತೀರಿ. ಇದಕ್ಕೆ ಜಿಗಿಯುವ ಜೇಡವೆಂದು ಹೆಸರು. ಇದು ಗಾಜಿನ ಮೇಲೆ ನೇರವಾಗಿ ಏರಬಲ್ಲುದು, ತಲೆಕೆಳಗಾಗಿಯೂ ನಡೆಯಬಲ್ಲುದು. ಇದಕ್ಕೆ ಕಾರಣ ಅಂಟಲ್ಲ. ಅದರ ಪಾದದ ತುದಿಯಲ್ಲಿ ಎರಡು ಉಗುರುಗಳ ನಡುವೆ ಕೂದಲಿನ ಒಂದು ಕುಚ್ಚು ಇದೆ. ಒಂದೊಂದು ಕೂದಲೂ ಮತ್ತೆ ಸಾವಿರಾರು ಸೂಕ್ಷ್ಮ ಎಳೆಗಳಾಗಿ ಒಡೆದಿದೆ. 2004ರಲ್ಲಿ ಯುರೋಪಿನ ವಿಜ್ಞಾನಿಗಳು ಇಂಥ ಒಂದು ಜೇಡದ ಎಂಟು ಪಾದಗಳಲ್ಲಿ ಒಟ್ಟು ಆರು ಲಕ್ಷಕ್ಕೂ ಮೀರಿದ ಎಳೆಗಳಿರುವುದನ್ನು ಲೆಕ್ಕ ಹಾಕಿ ತೋರಿಸಿದರು. ಪ್ರತಿಯೊಂದು ಎಳೆಯ ತುದಿಯೂ ಗಾಜಿಗೆ ಅತ್ಯಂತ ಸಮೀಪ ಬರುವುದರಿಂದ ಅಣುಗಳ ನಡುವಿನ ಸೆಳೆತವೇ ಅದನ್ನು ಹಿಡಿದಿಡುತ್ತದೆ. ಒಂದೊಂದರ ಸೆಳೆತ ಅತ್ಯಲ್ಪ; ಆದರೆ ಲಕ್ಷಗಟ್ಟಲೆ ಕೂಡಿದಾಗ ಜೇಡದ ತೂಕವನ್ನು ಅನೇಕ ಪಟ್ಟು ಮೀರಿಸುತ್ತದೆ. ಹಳೆಯ ಮನೆಗಳಲ್ಲಿ ರಾತ್ರಿ ಜಿರಲೆ ಬೇಟೆಯಾಡುವ ಅಂಗೈಯಗಲದ ಚಪ್ಪಟೆ ಜೇಡಕ್ಕೂ ಇಂಥದೇ ಪಾದ.

ಬಲೆ ಕಟ್ಟಿ ಕುಳಿತುಕೊಳ್ಳುವ ಜೇಡಗಳ ಪಾದ ಬೇರೆ ಬಗೆಯದು. ಅವಕ್ಕೆ ಮೂರು ಉಗುರುಗಳು. ನೂಲನ್ನು ಹಿಡಿಯಲು ಅವು ಅನುಕೂಲ, ಗಾಜಿನ ಮೇಲೆ ನಿರುಪಯೋಗ. ಬಚ್ಚಲಿನ ಬಾಲ್ದಿಯಲ್ಲಿ ಬಿದ್ದ ಉದ್ದಕಾಲಿನ ಜೇಡ ಬೆಳಗಿನವರೆಗೂ ಜಾರುತ್ತ ಅಲ್ಲಿಯೇ ಇರುವುದು ಇದರಿಂದಲೇ. ಹಾಗೆಂದು ಇವುಗಳ ಡಬ್ಬಿಯನ್ನು ತೆರೆದಿಡಬಹುದೆಂದು ತಿಳಿಯಬೇಡಿ. ಏರಲಾಗದ ಜೇಡಕ್ಕೆ ಏಣಿ ಕಟ್ಟಲು ಗೊತ್ತು. ಗಾಜಿನ ಮೇಲೆ ನೂಲಿನ ಚುಕ್ಕೆಗಳನ್ನು ಅಂಟಿಸುತ್ತ, ಒಂದರಿಂದ ಇನ್ನೊಂದಕ್ಕೆ ಎಳೆ ಹಾಯಿಸುತ್ತ, ತನ್ನ ಉದರದಿಂದ ತೆಗೆದ ದಾರವನ್ನೇ ಮೆಟ್ಟಿಲಾಗಿ ಮಾಡಿಕೊಂಡು ಅದು ಬಾಯಿಯವರೆಗೂ ಬರುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಊರ್ಣನಾಭ, ಅಂದರೆ ಹೊಕ್ಕುಳಲ್ಲಿ ಉಣ್ಣೆಯುಳ್ಳದ್ದು, ಎಂಬ ಹೆಸರಿದೆ. ಕೆಲವು ದಿನಗಳಿಗೊಮ್ಮೆ ಒಳಗೋಡೆಯ ಮೇಲ್ಭಾಗವನ್ನು ಒಣಬಟ್ಟೆಯಿಂದ ಒರಸಿದರೆ ಈ ಏಣಿ ಕಡಿಯುತ್ತದೆ. ಬಾಯಿಯ ಕೆಳಗೆ ಎರಡು ಬೆರಳಗಲ ವ್ಯಾಸಲಿನ್ ಸವರುವವರೂ ಇದ್ದಾರೆ. ಮುಂಬಯಿಯ ಏಪ್ರಿಲ್ ಸೆಕೆಯಲ್ಲಿ ಅದು ಕರಗಿ ಇಳಿದು ಜೇಡದ ಕಾಲಿಗೇ ಮೆತ್ತಿಕೊಳ್ಳುವುದುಂಟು; ಆದ್ದರಿಂದ ನಾವು ಅದನ್ನು ಮೆಚ್ಚುವುದಿಲ್ಲ.

ಇನ್ನು ರಂಧ್ರದ ವಿಚಾರ. ಜೇಡದ ಶರೀರದಲ್ಲಿ ಎರಡು ಭಾಗಗಳಿವೆ. ಕಣ್ಣು, ಬಾಯಿ, ಕಾಲುಗಳಿರುವ ಮುಂಭಾಗಕ್ಕೆ ಗಟ್ಟಿಯಾದ ಕವಚವಿದೆ. ಹಿಂದಿನ ಉದರ ಮಾತ್ರ ಮೆತ್ತಗೆ, ನೀರು ತುಂಬಿದ ಚೀಲದಂತೆ ಅದುಮಿದರೆ ಅದುಮಿಕೊಳ್ಳುವಂಥದು. ನೋಡುವವರು ದಪ್ಪನೆಯ ಉದರವನ್ನು ಕಂಡು “ಇಷ್ಟು ಸಣ್ಣ ಸಂದಿಯಲ್ಲಿ ಇದು ಹೇಗೆ ನುಸುಳೀತು” ಎಂದು ಧೈರ್ಯಗೊಳ್ಳುತ್ತಾರೆ. ಅಳೆಯಬೇಕಾದುದು ಮುಂದಿನ ಗಟ್ಟಿ ಕವಚದ ಅಗಲವನ್ನು. ಅದು ತೂರುವ ಎಡೆಯಲ್ಲಿ ಉದರವೂ ತೂರುತ್ತದೆ. ಕಾಲುಗಳನ್ನು ಲೆಕ್ಕಕ್ಕೆ ಹಿಡಿಯಲೇಬೇಡಿ; ಅವು ಮಡಚಿಕೊಳ್ಳುತ್ತವೆ. ಗಾಳಿಗಾಗಿ ಮುಚ್ಚಳಕ್ಕೆ ಕೊರೆಯುವ ರಂಧ್ರಗಳು ಈ ಕವಚದ ಅರ್ಧಕ್ಕಿಂತ ಕಿರಿದಾಗಿರಲಿ. ಒಂದು ದೊಡ್ಡ ರಂಧ್ರಕ್ಕಿಂತ ಇಪ್ಪತ್ತು ಸಣ್ಣ ರಂಧ್ರಗಳು ಮೇಲು. ಸೂಜಿಯನ್ನು ಕಾಯಿಸಿ ಒಳಗಿನಿಂದ ಹೊರಗೆ ಚುಚ್ಚಬೇಕು. ಆಗ ಚೂಪಾದ ಅಂಚು ಹೊರಗುಳಿಯುತ್ತದೆ, ಜೇಡಕ್ಕೆ ಗಾಯವಾಗದು. ಈ ಕೆಲಸ ಮಾಡುವಾಗ ಹಿರಿಯರು ಹತ್ತಿರವಿರತಕ್ಕದ್ದು.

ಬಟ್ಟೆ ಕಟ್ಟುವವರು ತೆಳುವಾದ ಮಲ್‌ಮಲ್ ಬಟ್ಟೆಯನ್ನು ಎರಡು ಪದರವಾಗಿ ರಬ್ಬರಿನಿಂದ ಬಿಗಿಯಬಹುದು. ಕಾಗದ ಬೇಡ. ಕಳೆದ ಮಳೆಗಾಲದಲ್ಲಿ ಎಂಟನೆಯ ಇಯತ್ತೆಯ ವಿದ್ಯಾರ್ಥಿಯೊಬ್ಬನು ತನ್ನ ಚಾಳಿನಲ್ಲಿ ಹಿಡಿದ ಚಪ್ಪಟೆ ಜೇಡವನ್ನು ಅಗಲ ಬಾಯಿಯ ಸೀಸೆಯಲ್ಲಿಟ್ಟು ಪತ್ರಿಕೆಯ ಹಾಳೆಯನ್ನು ದಾರದಿಂದ ಕಟ್ಟಿದ್ದನು. ಜೂನ್ ಮುಗಿಯುವ ವೇಳೆಗೆ ಕಡಲ ತೇವಕ್ಕೆ ಹಾಳೆ ಹಪ್ಪಳದ ಹಿಟ್ಟಿನಂತೆ ಮೆತ್ತಗಾಯಿತು, ದಾರ ಸಡಿಲಿತು. ಒಂದು ರಾತ್ರಿ ಜೇಡ ಹೊರಬಿದ್ದು, ಪಕ್ಕದ ಖೋಲಿಯಲ್ಲಿ ಎಳೆಗೂಸು ಮಲಗಿದ್ದ ತೊಟ್ಟಿಲ ಮೇಲಿನ ಗೋಡೆಯಲ್ಲಿ ಕಾಣಿಸಿಕೊಂಡಿತು. ಇಡೀ ಮಾಳಿಗೆ ಎದ್ದಿತು. ಯಾರೋ ಕೀಟನಾಶಕ ಸಿಂಪಡಿಸಿದರು. ಬೆಳಿಗ್ಗೆ ಅದು ನೀರಿನ ಪೀಪಾಯಿಯ ಹಿಂದೆ ಕಾಲು ಮುದುಡಿಕೊಂಡು ಸತ್ತುಬಿದ್ದಿತ್ತು. ಕಚ್ಚಿದರೆ ಒಂದಿಷ್ಟು ಉರಿ ಊತ ಬರಬಹುದೇ ಹೊರತು ಆ ಜೇಡದಿಂದ ಪ್ರಾಣಭಯವಿಲ್ಲವೆಂಬುದನ್ನು ಕೂಸಿನ ತಾಯಿಗೆ ಆ ಹೊತ್ತಿನಲ್ಲಿ ಯಾರು ಹೇಳಬೇಕು? ಹೇಳಿದರೂ ಆಕೆ ಏಕೆ ಕೇಳಬೇಕು? ಹುಡುಗನ ತಾಯಿ ಮರುದಿನ ಬಾಗಿಲಿಂದ ಬಾಗಿಲಿಗೆ ಹೋಗಿ ಕ್ಷಮೆ ಕೇಳಬೇಕಾಯಿತು. ಈಗ ಆ ಹುಡುಗನ ಜೇಡಗಳು ನಮ್ಮ ಪ್ರಯೋಗಶಾಲೆಯ ಕಿಟಕಿಯಲ್ಲಿವೆ. ಮನೆಯಲ್ಲಿಡಲು ಅವನಿಗೆ ಅನುಮತಿಯಿಲ್ಲ. ಹತ್ತು ಮನೆಗಳಿಗೆ ಒಂದೇ ಓಣಿಯಿರುವ ಕಡೆ ಡಬ್ಬಿಯ ಮುಚ್ಚಳ ನಿಮ್ಮೊಬ್ಬರ ವಿಷಯವಲ್ಲ. ಜೇಡ ತರುವ ಮುನ್ನವೇ ನೆರೆಯವರಿಗೆ ತಿಳಿಸುವುದು, ಸಾಧ್ಯವಾದರೆ ತೋರಿಸುವುದು ಒಳ್ಳೆಯದು.

ಹೊರಬಿದ್ದ ಜೇಡಗಳ ಲೆಕ್ಕ ತೆಗೆದರೆ ಸಂದಿಯಿಂದ ಹೋದವು ಕಡಿಮೆ. ಆಹಾರ ಹಾಕಲು ಮುಚ್ಚಳ ತೆರೆದಾಗ ಹೋದವೇ ಹೆಚ್ಚೆಂದು ನಮ್ಮ ಅನುಭವ. ಜಿಗಿಯುವ ಜೇಡ ಡಬ್ಬಿಯ ಎತ್ತರದ ಮೂಲೆಯಲ್ಲಿ, ಬಹುಮಟ್ಟಿಗೆ ಮುಚ್ಚಳದ ಒಳಮೈಗೇ, ನೂಲಿನ ಚಿಕ್ಕ ಗೂಡು ಕಟ್ಟಿ ಮಲಗುತ್ತದೆ. ನೀವು ಮುಚ್ಚಳ ತೆಗೆದರೆ ಅದರ ಮಲಗುವ ಮನೆಯನ್ನೇ ಹರಿದಂತೆ. ಅದು ಗಾಬರಿಯಿಂದ ಹೊರಕ್ಕೆ ನೆಗೆಯುವುದು ಸಹಜ. ಇದಕ್ಕೆ ಉಪಾಯ ಸರಳ: ಡಬ್ಬಿಯನ್ನು ಬೋರಲು ಇಡಿ. ಮುಚ್ಚಳ ಕೆಳಗಾಯಿತು, ಗೂಡು ಮೇಲಾಯಿತು. ಆಗ ಗಾಳಿಯ ರಂಧ್ರಗಳನ್ನು ಮಾತ್ರ ಮುಚ್ಚಳದಲ್ಲಲ್ಲ, ಪಕ್ಕದಲ್ಲಿ ಕೊರೆಯಬೇಕು. ತೆರೆಯುವ ಮೊದಲು ಜೇಡ ಎಲ್ಲಿದೆಯೆಂದು ಕಣ್ಣಾರೆ ನೋಡಿರಿ, ಕಾಣದಿದ್ದರೆ ತೆರೆಯಬೇಡಿ. ಕಿಟಕಿ ಮುಚ್ಚಿ, ಪಂಖೆ ನಿಲ್ಲಿಸಿ, ಡಬ್ಬಿಯನ್ನು ಅಗಲವಾದ ಪರಾತದಲ್ಲಿಟ್ಟುಕೊಂಡು ಕೆಲಸ ಮಾಡಿರಿ. ಪಂಖೆಯ ಮಾತು ಸಣ್ಣದೆಂದು ತಿಳಿಯಬೇಡಿ. ನೂಲಿಗೆ ತೂಗಿಬಿದ್ದ ಜೇಡವನ್ನು ಅದು ಕಣ್ಣುಮುಚ್ಚಿ ತೆರೆಯುವುದರೊಳಗೆ ಅಟ್ಟದ ಮೇಲೆ ಒಯ್ದು ಹಾಕಬಲ್ಲುದು.

ತಪ್ಪಿಸಿಕೊಳ್ಳಲು ಯತ್ನಿಸುವ ಜೇಡಕ್ಕೆ ಸಾಮಾನ್ಯವಾಗಿ ಒಂದು ಕಾರಣವಿರುತ್ತದೆ. ಬಾಯಾರಿಕೆ ಮೊದಲನೆಯದು: ಒದ್ದೆ ಹತ್ತಿಯ ಒಂದು ಉಂಡೆ, ಅಥವಾ ಒಳಗೋಡೆಗೆ ಎರಡು ಹನಿ ನೀರು ಸಾಕು. ಬೇಡವಾದಾಗ ಹಾಕಿದ ಜಿರಲೆ ಮರಿ ಅದನ್ನು ಕಾಡುತ್ತಿರಬಹುದು. ಪೊರೆ ಬಿಡುವ ಕಾಲದಲ್ಲಂತೂ ಮೆತ್ತಗಾದ ಜೇಡವನ್ನು ಆಹಾರವೇ ತಿಂದೀತು. ಪ್ರಾಯಕ್ಕೆ ಬಂದ ಗಂಡಾದರೆ ಬೇರೆಯೇ ಕಥೆ. ಅದು ಬಲೆ ಕಟ್ಟುವುದನ್ನು ಬಿಟ್ಟು ಹೆಣ್ಣನ್ನು ಅರಸಿ ಹಗಲಿರುಳು ಅಲೆಯತೊಡಗುತ್ತದೆ. ಮುಖದ ಬಳಿಯ ಎರಡು ಸಣ್ಣ ಕೈಗಳ ತುದಿ ಗುದ್ದಾಡುವವರ ಕೈಚೀಲದಂತೆ ಉಬ್ಬಿದ್ದರೆ ಅದು ಗಂಡೆಂದು ತಿಳಿಯಬೇಕು. ಅದನ್ನು ಬಿಟ್ಟುಬಿಡುವುದೇ ನ್ಯಾಯ.

ಎಲ್ಲಕ್ಕಿಂತ ಕಠಿನವಾದುದು ಮರಿಗಳ ಪ್ರಶ್ನೆ. ಡಬ್ಬಿಯಲ್ಲಿ ತತ್ತಿಯ ಬಿಳಿಯ ಚೀಲ ಕಂಡಿತೆಂದರೆ ಮೊದಲಿನ ಮುಚ್ಚಳಗಳೆಲ್ಲ ವ್ಯರ್ಥ. ಜಾತಿಗನುಸಾರವಾಗಿ ಹತ್ತಾರು ಅಥವಾ ನೂರಾರು ಮರಿಗಳು ಸಾಸಿವೆಗಿಂತ ಕಿರಿದಾಗಿ ಹೊರಬರುತ್ತವೆ. ಸೊಳ್ಳೆಪರದೆಯ ಕಣ್ಣು ಅವಕ್ಕೆ ಹೆಬ್ಬಾಗಿಲು. ಹೊರಬಂದ ಮೇಲೆ ಎತ್ತರಕ್ಕೇರಿ, ಬಾಲವೆತ್ತಿ, ನೂಲು ಬಿಟ್ಟು ಗಾಳಿಯಲ್ಲಿ ಹಾರಿಹೋಗುತ್ತವೆ. 1832ರ ನವೆಂಬರ್ 1ರಂದು ಡಾರ್ವಿನ್ನನು ದಕ್ಷಿಣ ಅಮೆರಿಕದ ತೀರದಿಂದ ಅರುವತ್ತು ಮೈಲಿ ದೂರದಲ್ಲಿದ್ದ ತನ್ನ ಹಡಗಿನ ಹಗ್ಗಗಳ ಮೇಲೆ ಹೀಗೆ ಬಂದಿಳಿದ ಅಸಂಖ್ಯ ಜೇಡಗಳನ್ನು ಕಂಡನು. ಗಾಳಿಯಷ್ಟೇ ಅಲ್ಲ, ವಾತಾವರಣದ ವಿದ್ಯುತ್ ಕ್ಷೇತ್ರವೂ ಈ ಹಾರಾಟಕ್ಕೆ ಸಹಾಯಕವೆಂದು 2018ರಲ್ಲಿ ಬ್ರಿಸ್ಟಲಿನ ಇಬ್ಬರು ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದರು. ಅರುವತ್ತು ಮೈಲಿ ಸಮುದ್ರ ದಾಟುವ ಪ್ರಾಣಿಗೆ ನಿಮ್ಮ ಖೋಲಿ ದಾಟುವುದು ದೊಡ್ಡದಲ್ಲ. ಆದುದರಿಂದ ತತ್ತಿಚೀಲ ಕಂಡ ದಿನವೇ ತಾಯಿಯನ್ನೂ ಚೀಲವನ್ನೂ ಒಟ್ಟಿಗೆ ಹೊರಗಿನ ಗಿಡಕ್ಕೆ ಒಯ್ಯಿರಿ.

ಹೊರಗಿನಿಂದ ಒಳಬರುವ ಶತ್ರುವೂ ಇದೆ, ಅದು ಇರುವೆ. ತಿಂಡಿಯ ಡಬ್ಬಕ್ಕೆ ಅಜ್ಜಿ ಮಾಡುವಂತೆ ಜೇಡದ ಡಬ್ಬಿಯನ್ನೂ ನೀರು ತುಂಬಿದ ತಟ್ಟೆಯ ನಡುವೆ ಎತ್ತರದಲ್ಲಿಡಿ.

ಯಾವ ಜೇಡವನ್ನು ತರಬಾರದು ಎಂಬುದನ್ನೂ ಹೇಳಬೇಕು. ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಿಂದ ಯಾವ ಜೀವಿಯನ್ನೂ ತರುವುದು ಕಾನೂನಿಗೆ ವಿರುದ್ಧ. ಕಾಡಿನ ಜೇಡಗಳಲ್ಲಿ ಇನ್ನೂ ಹೆಸರಿಡದವು ಇವೆ. ಠಾಣೆ–ಕಲ್ಯಾಣ ಪ್ರದೇಶದಲ್ಲಿ ದೊರೆತ ಒಂದು ಜಿಗಿಯುವ ಜೇಡಕ್ಕೆ 2021ರಲ್ಲಷ್ಟೇ ‘ಐಸಿಯಸ್ ತುಕಾರಾಮಿ’ ಎಂದು ಹೆಸರಿಟ್ಟರು. 2008ರ ನವೆಂಬರ್ 26ರ ರಾತ್ರಿ ಗಿರಗಾಂವ್ ಚೌಪಾಟಿಯಲ್ಲಿ ಬರಿಗೈಯಿಂದ ಆಕ್ರಮಣಕಾರನನ್ನು ಹಿಡಿದು ಪ್ರಾಣಕೊಟ್ಟ ಪೊಲೀಸ್ ಅಧಿಕಾರಿ ತುಕಾರಾಮ ಓಂಬಳೆಯವರ ಸ್ಮರಣೆಗಾಗಿ. ಇನ್ನು ವಿದೇಶದ ರೋಮಭರಿತ ದೈತ್ಯ ಜೇಡಗಳ ಆಸೆಯನ್ನು ಬಿಡಿರಿ. 2021ರಲ್ಲಿ ಪೋಲೆಂಡಿನಿಂದ ಬಂದ ಒಂದು ಅಂಚೆಯ ಪೊಟ್ಟಣವನ್ನು ಚೆನ್ನೈಯ ಸುಂಕದ ಅಧಿಕಾರಿಗಳು ಬಿಚ್ಚಿದಾಗ, ಪುಟ್ಟ ಪ್ಲಾಸ್ಟಿಕ್ ಶೀಷೆಗಳಲ್ಲಿ ಹತ್ತಿಯ ನಡುವೆ 107 ಜೀವಂತ ಜೇಡಗಳಿದ್ದವು. ಅಂಥವನ್ನು ಸಾಕುವುದು ಮಕ್ಕಳ ಕೆಲಸವಲ್ಲ. ತೂಕದ ಜೇಡ ಒಂದು ಅಡಿ ಎತ್ತರದಿಂದ ಬಿದ್ದರೂ ಉದರ ಒಡೆದು ಸಾಯುವುದುಂಟು.

ಇಷ್ಟಾಗಿಯೂ ಜೇಡ ಹೊರಬಿದ್ದರೆ ಕಿರುಚಬೇಡಿ, ಚಪ್ಪಲಿ ಎತ್ತಬೇಡಿ. ಹಗಲಾದರೆ ಜಿಗಿಯುವ ಜೇಡವನ್ನು ಬೆಳಕಿರುವ ಕಿಟಕಿಯಲ್ಲಿ ಹುಡುಕಿರಿ. ಚಪ್ಪಟೆ ಜೇಡ ಕತ್ತಲೆಯನ್ನು ಬಯಸುತ್ತದೆ. ಕ್ಯಾಲೆಂಡರ್, ದೇವರ ಪಟ ಇವುಗಳ ಹಿಂಬದಿಯನ್ನು ನೋಡಿರಿ. ನೆಲದಲ್ಲಿ ಓಡುವ ತೋಳಜೇಡವಾದರೆ ದೀಪವಾರಿಸಿ, ಟಾರ್ಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೆಲದುದ್ದಕ್ಕೂ ಬೆಳಕು ಹಾಯಿಸಿರಿ; ಅದರ ಕಣ್ಣುಗಳು ಬೆಕ್ಕಿನ ಕಣ್ಣಿನಂತೆ ಮಿನುಗುತ್ತವೆ. ಕಂಡ ಮೇಲೆ ಲೋಟವನ್ನು ಮೆಲ್ಲನೆ ಬೋರಲಿಟ್ಟು, ಅಡಿಯಿಂದ ದಪ್ಪ ಕಾಗದ ಸರಿಸಿದರೆ ಮುಗಿಯಿತು.

ಹದಿನೈದು ದಿನ ಇಟ್ಟುಕೊಂಡು, ಚಿತ್ರ ಬರೆದು, ಪೊರೆ ಬಿಟ್ಟ ದಿನ ತಿಂದ ದಿನಗಳನ್ನು ಗುರುತು ಹಾಕಿ, ಹಿಡಿದಲ್ಲಿಯೇ ಬಿಡಬೇಕು. ಸಂಜೆ ತಂಪಾದ ಮೇಲೆ ಡಬ್ಬಿಯ ಬಾಯಿಯನ್ನು ಮರದ ತೊಗಟೆಗೆ ತಾಗಿಸಿ ಹಿಡಿಯಿರಿ. ಅದನ್ನು ಕುಲುಕಿ ಬೀಳಿಸಬೇಡಿ. ಕೆಲವೊಮ್ಮೆ ಕಾಲು ಗಂಟೆ ಬೇಕಾದೀತು. ಆಮೇಲೆ ಡಬ್ಬಿಯನ್ನು ತೊಳೆದು ಬಿಸಿಲಲ್ಲಿ ಒಣಗಿಸಿ ಪ್ರಯೋಗಶಾಲೆಯ ಕಪಾಟಿಗೆ ಹಿಂತಿರುಗಿಸತಕ್ಕದ್ದು. ಕಳೆದ ವರ್ಷ ಒಯ್ದ ಎರಡು ಡಬ್ಬಿಗಳು ಇನ್ನೂ ಬರಬೇಕಾಗಿವೆ.